ಬುಧವಾರದ ಊಟಕ್ಕೆ ಕೂರುವವರು

ಜೂನ್ 8

ಹೊಸ ಪಾದ್ರಿಯವರಿಗೆ,

ನನ್ನ ಗುರುತು ನಿಮಗಿಲ್ಲ. ನೀವು ಈಗ ಮಲಗುತ್ತಿರುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಮಲಗಿದವಳು ನಾನು. ನನ್ನವರು ಈ ಸಭೆಯ ಪಾದ್ರಿಯಾಗಿದ್ದರು, ಚಳಿಗಾಲದಲ್ಲಿ ತೀರಿಕೊಂಡರು. ಪಾದ್ರಿ ಹೋದಮೇಲೆ ಪಾದ್ರಿಮನೆ ಬಿಡಬೇಕು. ಅದು ನಮ್ಮದಲ್ಲ, ಚರ್ಚಿನದು. ಆದರೂ ಆ ಮನೆಯ ಬಗ್ಗೆ ನಾಲ್ಕು ಮಾತು ಹೇಳದೆ ಹೋದರೆ ನೀವು ನನ್ನನ್ನು ಬೈದುಕೊಳ್ಳುತ್ತೀರಿ, ಅದಕ್ಕೇ ಈ ಪತ್ರ.

ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಬೇಡಿ, ಕೈಗೆ ಬರುತ್ತದೆ. ಮೆಟ್ಟಿಲ ಕೆಳಗಿನ ಕಪಾಟಿಗೆ ಬೀಗ ಹಾಕಬೇಕಾದರೆ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿಯಬೇಕು. ಓದುವ ಕೋಣೆಯ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತದೆ. ನನ್ನವರು ಭಾನುವಾರದ ಆರಾಧನೆಗೆ ಬರೆದ ಹಳೆಯ ಪ್ರಸಂಗದ ಹಾಳೆಯನ್ನು ಮಡಿಸಿ ಸಂದಿಗೆ ಸಿಕ್ಕಿಸುತ್ತಿದ್ದರು. "ನಿಮ್ಮ ಪ್ರಸಂಗಗಳು ಇಷ್ಟಾದರೂ ಕೆಲಸಕ್ಕೆ ಬಂದವಲ್ಲ" ಎಂದು ನಾನು ಅವರನ್ನು ರೇಗಿಸುತ್ತಿದ್ದೆ. ಇನ್ನು ಕರೆಗಂಟೆ. ಅದು ನೀವು ಊಟಕ್ಕೆ ಕೂತ ಕೂಡಲೇ ಹೊಡೆದುಕೊಳ್ಳುತ್ತದೆ. ಅದಕ್ಕೆ ರಿಪೇರಿ ಇಲ್ಲ.

ನಾನು ಎರಡು ಬೀದಿ ಆಚೆ, ಬೇಕರಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದೇನೆ. ಆದರೆ ಚರ್ಚಿಗೆ ಬರುವುದಿಲ್ಲ. ಹಳೆಯ ಪಾದ್ರಿಯ ಮನೆಯವರು ಒಂದು ವರ್ಷವಾದರೂ ಆ ಕಡೆ ತಲೆಹಾಕಬಾರದು, ಹೊಸಬರು ಬೇರು ಬಿಡಲಿ ಎನ್ನುವುದು ನಮ್ಮ ಆಂಗ್ಲಿಕನ್ ಚರ್ಚುಗಳಲ್ಲಿ ನಡೆದುಬಂದ ರೂಢಿ. ಬಿಷಪ್ಪರೂ ಮೆಲ್ಲಗೆ ನೆನಪಿಸಿದ್ದಾರೆ. ನೆನಪಿಸುವ ಅಗತ್ಯವಿರಲಿಲ್ಲ.

ನಲ್ಲಿಯ ಬಗ್ಗೆ ಮತ್ತೊಮ್ಮೆ ಎಚ್ಚರಿಸುತ್ತಾ,
ಮೊದಲಿದ್ದ ಅಯ್ಯನವರ ಹೆಂಡತಿ


ಜೂನ್ 21

ಅಮ್ಮನವರೇ,

ನಿಮ್ಮ ಪತ್ರ ಒಂದು ದಿನ ತಡವಾಗಿ ಬಂತು. ನಲ್ಲಿ ಆಗಲೇ ನನ್ನ ಕೈಯಲ್ಲಿತ್ತು.

ಇಲ್ಲಿಯವರು ಪಾದ್ರಿಯನ್ನು ಅಯ್ಯನವರು ಅನ್ನುತ್ತಾರೆ, ಪಾದ್ರಿಯ ಹೆಂಡತಿಯನ್ನು ಅಮ್ಮನವರು. ಈಗ ಪಾದ್ರಿಯೇ ಹೆಂಗಸು, ಅದೂ ಮದುವೆಯಾಗದವಳು ಬಂದು ನಿಂತದ್ದರಿಂದ ಎಲ್ಲರಿಗೂ ಗಲಿಬಿಲಿ. ಗಂಟೆ ಹೊಡೆಯುವ ತಾತ "ಅಯ್ಯನವರಮ್ಮಾ" ಎಂದು ಕರೆದು ತಾನೇ ನಕ್ಕುಬಿಟ್ಟರು. ನಾನು ಏನು ಮಾಡಹೊರಟರೂ "ಅಮ್ಮನವರಿದ್ದಾಗ ಹೀಗಿರ್ಲಿಲ್ಲ" ಎನ್ನುವ ಮಾತು ಸಿದ್ಧವಾಗಿರುತ್ತದೆ. ಹೋದ ಭಾನುವಾರ ಹೂದಾನಿಯನ್ನು ಎಡಕ್ಕೆ ಸರಿಸಿದೆ, ಅಷ್ಟೆ. ಆರಾಧನೆ ಮುಗಿದು ನೋಡಿದರೆ ಅದು ಬಲಕ್ಕೇ ಇದೆ. ಯಾರು ಸರಿಸಿದರೋ ದೇವರಿಗೇ ಗೊತ್ತು, ಅವನೂ ಹೇಳುತ್ತಿಲ್ಲ.

ಚರ್ಚಿನ ಪಕ್ಕದ ಹಾಲ್‌ನಲ್ಲಿ ದೊಡ್ಡ ಪಾತ್ರೆಗಳಿರುವ ಕೋಣೆಯ ಕೀಲಿ ಸಿಗುತ್ತಿಲ್ಲ. ಅದನ್ನು ಹೇಳುವ ನೆಪದಲ್ಲಾದರೂ ಒಂದು ಸಂಜೆ ಚಹಾಕ್ಕೆ ಬನ್ನಿ. ಇಷ್ಟು ಕೋಣೆಗಳ ಮನೆಯಲ್ಲಿ ಮಾತಾಡುವುದು ನಾನೊಬ್ಬಳೇ. ನನಗೇ ಉತ್ತರ ಕೊಟ್ಟುಕೊಳ್ಳಲು ಶುರುಮಾಡಿದ್ದೇನೆ.

ಗೌರವದಿಂದ,
ಹೊಸಬಳು


ಜೂನ್ 29

ಪಾದ್ರಿಯವರಿಗೆ,

ಕೀಲಿ ಆರ್ಗನ್ನಿನ ಹಿಂದಿನ ಮೊಳೆಯಲ್ಲಿದೆ. ಇನ್ನು ಚಹಾಕ್ಕೆ ಬರುವ ನೆಪ ಉಳಿಯಲಿಲ್ಲ, ಅಲ್ಲವೇ?

ಬೇಸರ ಮಾಡಿಕೊಳ್ಳಬೇಡಿ. ನಾವು ಈ ಊರಿಗೆ ಬಂದಾಗ ನಮಗಿಂತ ಮೊದಲಿದ್ದ ಪಾದ್ರಿಯ ಹೆಂಡತಿ ಊರು ಬಿಟ್ಟಿರಲಿಲ್ಲ, ಚರ್ಚನ್ನೂ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು ನಿಟ್ಟುಸಿರು ಬಿಡುತ್ತಿದ್ದರು. ನನ್ನವರು ಪ್ರಸಂಗದಲ್ಲಿ ಒಂದು ಮಾತು ತಡವರಿಸಿದರೆ ಒಂದು ನಿಟ್ಟುಸಿರು. ನಾನು ಬಡಿಸುವಾಗ ಸೂಪು ತೆಳ್ಳಗಿದ್ದರೆ ಇನ್ನೊಂದು. ಬಾಯಿಬಿಟ್ಟು ಏನೂ ಹೇಳದೆ ನಮ್ಮ ಜೀವ ಹಿಂಡಿದರು. ಆ ಮಹಾತಾಯಿ ನಾನಾಗಬಾರದೆಂದು ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಮೊದಲ ವಾರ ಇಬ್ಬರು ಮೂವರು ಮೆಟ್ಟಿಲು ಹತ್ತಿ ಬಂದರು. ಈಗ ಯಾರೂ ಬರುವುದಿಲ್ಲ. ಬರಬಾರದೆಂದೇ ತಾನೇ ನಾನು ಬಯಸಿದ್ದು. ಆದರೂ ಜನ ಇಷ್ಟು ಬೇಗ ಮರೆಯುತ್ತಾರೆಂದು ಗೊತ್ತಿರಲಿಲ್ಲ. ಬೇಕರಿಯ ಒಲೆ ನನ್ನ ನೆಲದ ಕೆಳಗೇ ಇದೆ, ಕಾಲಿಗೆ ಬೆಚ್ಚಗಿರುತ್ತದೆ. ಅಷ್ಟು ಸಾಕು.

ಹೂದಾನಿಯನ್ನು ಸರಿಸುವುದು ಆರ್ಗನ್ ನುಡಿಸುವ ಟೀಚರ್. ನಾನು ಹೇಳಿದೆನೆಂದು ಹೇಳಬೇಡಿ.

ದೂರದಿಂದಲೇ,
ಬೇಕರಿ ಮೇಲಿನವಳು


ಆಗಸ್ಟ್ 14

ಅಮ್ಮನವರೇ,

ತುಂಬ ದಿನದಿಂದ ಬರೆದಿಲ್ಲ. ನಿಮ್ಮನ್ನು ಕಾಡಬಾರದೆಂದು ಸುಮ್ಮನಿದ್ದೆ. ಈಗ ಕೇಳದೆ ವಿಧಿಯಿಲ್ಲ.

ನೀವು ಶುರುಮಾಡಿದ ಬುಧವಾರದ ಊಟವನ್ನು ನಿಲ್ಲಿಸಬೇಕೆಂದು ಸಭೆಯ ಖಜಾಂಚಿ ಹಟ ಹಿಡಿದಿದ್ದಾರೆ. ಆ ಹೊತ್ತಿಗೆ ಹಾಲ್ ಅನ್ನು ಕಂಪ್ಯೂಟರ್ ತರಗತಿಗೆ ಬಾಡಿಗೆಗೆ ಕೊಡಬಹುದಂತೆ. ಅವರ ಮಾತನ್ನು ತೆಗೆದುಹಾಕುವ ಹಾಗೂ ಇಲ್ಲ. ನಿನ್ನೆ ನಾನೇ ಕಣ್ಣಾರೆ ನೋಡಿದೆ. ಗೇಟಿನ ಹತ್ತಿರ "ಒಬ್ಬಂಟಿಯಾಗಿ ಉಣ್ಣುವವರೇ, ಬುಧವಾರ ನಮ್ಮ ಜೊತೆ ಉಣ್ಣಿ" ಎಂಬ ಬೋರ್ಡಿದೆ. ಒಳಗೆ ಉಣ್ಣಲು ಕೂತದ್ದು ಒಬ್ಬ ಟೈಲರ್ ಮತ್ತು ಕೆಲಸದ ನಡುವೆ ಬಂದ ಬಸ್ ಡ್ರೈವರ್, ಇಬ್ಬರೇ. ಅವರ ಸುತ್ತ ಏಪ್ರನ್ ಕಟ್ಟಿಕೊಂಡು ಬಡಿಸಲು ನಿಂತವರು ಒಂದು ಗುಂಪು. ಟೈಲರ್ ಒಂದು ಚಮಚ ಬಾಯಿಗಿಡುವುದರೊಳಗೆ ಮೂರು ಕಡೆಯಿಂದ "ಇನ್ನೂ ಸ್ವಲ್ಪ?" ಪಾಪ, ಆ ಮನುಷ್ಯ ತಲೆಯೆತ್ತಲಿಲ್ಲ.

"ಇದು ಒಬ್ಬಂಟಿಗರ ಊಟ ಅಲ್ಲ, ಬಡಿಸೋ ಹೆಂಗಸರ ಪಿಕ್ನಿಕ್ಕು" ಎಂದರು ಖಜಾಂಚಿ. ನಿಲ್ಲಿಸುವುದೇ ಸರಿಯೇ?

ದಾರಿ ಕಾಣದೆ,
ಹೊಸಬಳು


ಆಗಸ್ಟ್ 18

ಪಾದ್ರಿಯವರೇ,

ನಿಲ್ಲಿಸಬೇಡಿ. ಮೂಗು ತೂರಿಸುವುದಿಲ್ಲವೆಂದು ಬರೆದವಳೇ ಈಗ ತಲೆಯನ್ನೇ ತೂರಿಸುತ್ತಿದ್ದೇನೆ, ಕ್ಷಮಿಸಿ.

ನನ್ನ ಕಾಲದಲ್ಲೂ ಬಡಿಸುವವರೇ ಜಾಸ್ತಿ. ಖಜಾಂಚಿಗೆ ಅದು ಪಿಕ್ನಿಕ್ಕಾಗಿ ಕಂಡರೆ ಮನೆಯಲ್ಲಿ ಅವರ ಹೆಂಡತಿ ಚೆನ್ನಾಗಿ ಅಡುಗೆ ಮಾಡಿ ಕಾಯುತ್ತಾರೆಂದು ಅರ್ಥ. ಆ ಬೋರ್ಡು ಬರೆಸಿದ್ದು ನನ್ನವರು. ಒಳ್ಳೆಯ ಮನಸ್ಸಿನಿಂದಲೇ ಬರೆಸಿದರು, ಆದರೆ ಅದನ್ನು ದಾಟಿ ಒಳಗೆ ಬರಬೇಕಾದರೆ ಎಂಥ ಎದೆ ಬೇಕು ನೋಡಿ. ನಡುಬೀದಿಯಲ್ಲಿ ನಿಂತು "ನನಗೆ ಯಾರೂ ಇಲ್ಲ" ಎಂದು ಕೂಗಿದ ಹಾಗೆ. ಆರ್ಗನ್ ಟೀಚರನ್ನು ಊಟಕ್ಕೆ ಬನ್ನಿ ಎಂದು ಕರೆಯಿರಿ, ಸತ್ತರೂ ಬರುವುದಿಲ್ಲ. "ಟೀಚರ್, ಬ್ರೆಡ್ ಕತ್ತರಿಸೋಕೆ ಕೈ ಸಾಲ್ತಾ ಇಲ್ಲ" ಅನ್ನಿ, ನಿಮಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಅಕ್ಕ ತೀರಿಕೊಂಡ ಮೇಲೆ ಆಕೆಯ ಮನೆಯಲ್ಲಿ ಇನ್ನೊಂದು ಉಸಿರಿಲ್ಲ. ಗಂಟೆಯ ತಾತ ಪಾತ್ರೆ ತೊಳೆಯುವುದನ್ನು ನೋಡಿದ್ದೀರಾ? ತೊಳೆದದ್ದನ್ನೇ ತೊಳೆಯುತ್ತಾರೆ. ಮನೆಗೆ ಹೋಗಲು ಇಷ್ಟವಿಲ್ಲ, ಅಷ್ಟೆ.

ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದೆಯೆಂದು ಯಾರಿಗೂ ತೋರಿಸಲಿಲ್ಲ. ಯಾವಾಗಲೂ ಒಂದು ಏಪ್ರನ್ ಹೆಚ್ಚಿಗೆ ಹೊಲಿದು ಇಡುತ್ತಿದ್ದೆ. ಬಡಿಸಿ ಮುಗಿದ ಮೇಲೆ ಎಲ್ಲರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಉಳಿದದ್ದನ್ನು ತಿನ್ನುತ್ತಿದ್ದೆವು, ಗಲಗಲ ಮಾತಾಡುತ್ತಾ. ಊಟ ಅಂದರೆ ಅದೇ ಆಗಿತ್ತು. ನೀವು ಒಬ್ಬಂಟಿಗರನ್ನು ಕುರ್ಚಿಗಳಲ್ಲಿ ಹುಡುಕುತ್ತಿದ್ದೀರಿ. ಅವರು ನಿಂತಿದ್ದಾರೆ.

ಖಾರವಾಗಿ ಬರೆದಿದ್ದರೆ ಮನ್ನಿಸಿ,
ಬೇಕರಿ ಮೇಲಿನವಳು


ಸೆಪ್ಟೆಂಬರ್ 9

ಅಮ್ಮನವರೇ,

ನಿಮ್ಮ ಪತ್ರ ಓದಿದ ಮೇಲೆ ಹಾಲ್‌ಗೆ ಹೋಗಿ ನಿಂತವರನ್ನೆಲ್ಲ ಹೊಸದಾಗಿ ನೋಡಿದೆ. ನನ್ನ ದಡ್ಡತನಕ್ಕೆ ನಾಚಿಕೆಯಾಯಿತು.

ಆದರೆ ಇದನ್ನು ಚರ್ಚಿನ ಸಮಿತಿಯ ಮುಂದೆ ಹೇಳುವಂತಿಲ್ಲ. ಹೇಳಿದರೆ ಟೀಚರ್ ಮತ್ತೆ ಈ ಬಾಗಿಲು ತುಳಿಯುವುದಿಲ್ಲ. ನವೆಂಬರ್ ಮುಗಿಯುವುದರೊಳಗೆ ಉಣ್ಣುವವರು ಹೆಚ್ಚದಿದ್ದರೆ ಊಟ ನಿಲ್ಲಿಸುವುದೆಂದು ಸಮಿತಿ ತೀರ್ಮಾನಿಸಿದೆ. "ನೀವೂ ಕೂತ್ಕೊಳ್ಳಿ" ಎಂದು ನಾನು ಎಲ್ಲರಿಗೂ ಹೇಳಿ ನೋಡಿದೆ. ನಕ್ಕು ಏಪ್ರನ್ನಿಗೆ ಇನ್ನೊಂದು ಗಂಟು ಬಿಗಿದುಕೊಂಡರು. ನನಗೆ ಬಡಿಸುವವರು ಬೇಡ, ಕೂರುವವರೊಬ್ಬರು ಬೇಕು. ಎಲ್ಲರೂ ಗೌರವಿಸುವವರು. ಅಂಥವರು ಕೂತರೆ ಉಳಿದವರೂ ಕೂತಾರು.

ನೀವು ಬರುತ್ತೀರಾ? ನೋಡಿಕೊಳ್ಳುವುದಕ್ಕೆ ಅಲ್ಲ. ಊಟಕ್ಕೆ.

ಅಂಜುತ್ತಾ,
ಹೊಸಬಳು


ಸೆಪ್ಟೆಂಬರ್ 11

ಪಾದ್ರಿಯವರಿಗೆ,

ಆ ಮೇಜುಗಳನ್ನು ನಾನು ವರ್ಷಗಟ್ಟಲೆ ಒರೆಸಿದ್ದೇನೆ. ಆ ಹಾಲ್‌ನಲ್ಲಿ ಯಾರೂ ನನಗೆ ಒಂದು ಲೋಟ ನೀರು ಕೊಟ್ಟದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ಈಗ ಅದೇ ಮೇಜಿನಲ್ಲಿ ತಟ್ಟೆ ಹಿಡಿದು ಕೂರಬೇಕೇ? ನನ್ನನ್ನು ಏನೆಂದುಕೊಂಡಿದ್ದೀರಿ? ನಾನು ಬೋರ್ಡು ನೋಡಿ ಬರುವವಳಲ್ಲ.

ರೂಢಿಯ ಮಾತನ್ನು ನೆನಪಿಸುತ್ತೇನೆ. ಒಂದು ವರ್ಷ.

ಇಷ್ಟೇ


ಅಕ್ಟೋಬರ್ 6

ಅಮ್ಮನವರೇ,

ನಿಮ್ಮ ಮನಸ್ಸು ನೋಯಿಸಿದೆ. ಎರಡು ಸಲ ಬೇಕರಿಯ ಮೆಟ್ಟಿಲವರೆಗೆ ಬಂದು ಬ್ರೆಡ್ ಕೊಂಡು ವಾಪಸಾದೆ. ಮನೆಯಲ್ಲಿ ಈಗ ಬ್ರೆಡ್ಡಿಗೆ ಬರವಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಕಾದರೆ ಹರಿದು ಹಾಕಿ. ಪ್ಯಾರಿಷ್ ಅಂದರೆ ಭಾನುವಾರ ಬೆಂಚಿನಲ್ಲಿ ಕೂರುವವರು ಮಾತ್ರ ಅಲ್ಲವಲ್ಲ. ಇಷ್ಟು ಬೀದಿಗಳು ಎಂದು ಗುರುತು ಹಾಕಿ ಕೊಟ್ಟಿದ್ದಾರೆ, ಆ ಬೀದಿಗಳಲ್ಲಿ ಇರುವವರೆಲ್ಲ ನಂಬಲಿ ಬಿಡಲಿ ನನ್ನ ಪಾಲಿನವರು. ನಿಮ್ಮ ಬೇಕರಿಯೂ ಆ ಬೀದಿಗಳಲ್ಲೇ ಇದೆ. ರೂಢಿ ನಿಮ್ಮನ್ನು ಚರ್ಚಿನಿಂದ ದೂರ ಇಟ್ಟಿರಬಹುದು. ನನ್ನ ಕೆಲಸದಿಂದ ನಿಮ್ಮನ್ನು ಹೊರಗೆ ಇಡಲು ಅದಕ್ಕೆ ಅಧಿಕಾರವಿಲ್ಲ.

ಇನ್ನೊಂದು. ಬುಧವಾರ ನಾನೂ ಏಪ್ರನ್ ಕಟ್ಟಿಕೊಂಡೇ ಇರುತ್ತೇನೆ. ಮನೆಯಲ್ಲಿ ಸಿಂಕಿನ ಮುಂದೆ ನಿಂತು ತಿನ್ನುತ್ತೇನೆ, ಕೂತರೆ ಎದುರಿನ ಕುರ್ಚಿಗಳು ಕಾಣುತ್ತವೆ. ಹೋದ ವಾರ ಭಾನುವಾರದ ಆರಾಧನೆ ಮುಗಿಸಿ ಬಂದವಳು ಮರುದಿನ ಸಂಜೆಯವರೆಗೆ ಬಾಯಿ ತೆರೆದಿರಲಿಲ್ಲ. ಟಪಾಲಿನವನಿಗೆ ಥ್ಯಾಂಕ್ಸ್ ಹೇಳಹೋದರೆ ಸ್ವರವೇ ಹೊರಡಲಿಲ್ಲ. ಸಭೆಯವರು ಪ್ರೀತಿಯಿಂದಲೇ ಇದ್ದಾರೆ. ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತೇನೆ, ಎಲ್ಲರೂ "ಚೆನ್ನಾಗಿದ್ದೀರಾ?" ಅನ್ನುತ್ತಾರೆ, ಉತ್ತರ ಕೇಳುವುದರೊಳಗೆ ಹಿಂದಿನವರು ತಳ್ಳುತ್ತಾರೆ.

ನಿಮಗಲ್ಲದೆ ಇನ್ನಾರಿಗೂ ಇದನ್ನು ಬರೆಯಲಾರೆ.

ನಿಮ್ಮ ಬೀದಿಯ ಪಾದ್ರಿ


ನವೆಂಬರ್ 2

ತಾಯಿ,

ನಿಮ್ಮ ಪತ್ರವನ್ನು ಹರಿದು ಹಾಕಲಿಲ್ಲ. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಮುಚ್ಚಿಟ್ಟೆ.

ನಾನು ಭಾನುವಾರ ಎಲ್ಲಿಗೆ ಹೋಗುತ್ತೇನೆಂದು ನೀವು ಕೇಳಲಿಲ್ಲ. ನಾನೇ ಹೇಳುತ್ತೇನೆ. ಬಸ್ಸು ಹತ್ತಿ ಊರಿನ ಆ ತುದಿಯ ದೊಡ್ಡ ಚರ್ಚಿಗೆ ಹೋಗುತ್ತೇನೆ. ಅಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪ್ರಭು ಭೋಜನದ ರೊಟ್ಟಿ ಹಂಚುವ ಮೊದಲು "ಸಮಾಧಾನ ನಿಮ್ಮೊಂದಿಗಿರಲಿ" ಎಂದು ಅಕ್ಕಪಕ್ಕದವರ ಕೈ ಹಿಡಿಯುತ್ತಾರಲ್ಲ, ಅದಕ್ಕೋಸ್ಕರ ಹೋಗುತ್ತೇನೆ. ಪ್ರಸಂಗಕ್ಕಲ್ಲ, ಹಾಡಿಗಲ್ಲ. ವಾರವಿಡೀ ನನ್ನನ್ನು ಇನ್ನೊಂದು ಜೀವ ಮುಟ್ಟುವುದು ಆಗ ಮಾತ್ರ. ಹೋದ ವಾರ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಮುಂದಿನ ಸಾಲಿನವರು ತಿರುಗಿ ತಲೆಯಾಡಿಸಿ ನಕ್ಕರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತುಬಿಟ್ಟೆ. ಕಂಡಕ್ಟರ್ ಚಿಲ್ಲರೆ ಇಲ್ಲವೆಂದು ಅಳುತ್ತಿದ್ದೇನೆ ಅಂದುಕೊಂಡ.

ನನಗೆ ತುಂಬ ಒಂಟಿ ಅನ್ನಿಸುತ್ತಿದೆ, ಮಗೂ. ಬರೆದಾಯಿತು. ಇಷ್ಟು ಜನರಿಗೆ ಸಮಾಧಾನ ಹೇಳಿದ ಬಾಯಿಗೆ ಈ ಒಂದು ಮಾತು ಆಡಲು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಹನ್ನೆರಡನೇ ತಾರೀಖಿನ ಬುಧವಾರ ಬರುತ್ತೇನೆ. ಹಾಲ್ ಚರ್ಚಲ್ಲ ಎಂದು ನನ್ನ ಮನಸ್ಸಿಗೆ ತಿಳಿಹೇಳಿದ್ದೇನೆ. ಬಿಷಪ್ಪರು ಕೇಳಿದರೆ ಅವರಿಗೂ ನೀನೇ ತಿಳಿಹೇಳು. ಆದರೆ ನಾನೊಬ್ಬಳೇ ಕೂರುವುದಿಲ್ಲ. ನೀನು ನನ್ನ ಎದುರಿಗೆ ಕೂರಬೇಕು, ಏಪ್ರನ್ ಇಲ್ಲದೆ. ನಿನ್ನನ್ನು ಏಕವಚನದಲ್ಲಿ ಕರೆದುಬಿಟ್ಟೆ. ಇರಲಿ ಬಿಡು.

ಬೇಕರಿ ಮೇಲಿನವಳು


ನವೆಂಬರ್ 5

ಅಮ್ಮಾ,

ಕಿಟಕಿ ಪಕ್ಕದ ಮೇಜು. ನಿಮ್ಮ ಎದುರಿಗೆ ನಾನು. ಏನೇ ಬರಲಿ, ಏಳುವುದಿಲ್ಲ.

ನಿಮ್ಮ ಮಗಳ ವಯಸ್ಸಿನವಳು


ನವೆಂಬರ್ 12, ಬುಧವಾರ

ಮಗೂ,

ನೀನು ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಾಗಿಲಲ್ಲೇ ಗಂಟೆಯ ತಾತ ಹೇಳಿದರು, ಆಸ್ಪತ್ರೆಯಿಂದ ಫೋನ್ ಬಂತು, ಯಾರಿಗೋ ಕೊನೆಗಾಲವಂತೆ, ಅಯ್ಯನವರಮ್ಮ ಓಡಿದರು ಎಂದು. ಕಿಟಕಿ ಪಕ್ಕದ ಮೇಜಿಗೆ ಎರಡು ಕುರ್ಚಿ ಹಾಕಿತ್ತು. ಖಾಲಿ ಕುರ್ಚಿ ನೋಡಿ ನನಗೆ ಕೋಪ ಬರಲಿಲ್ಲ. ನನ್ನವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಕಾದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ನೀನು ಹೋದದ್ದು ಸರಿ. ಆದರೆ ಸುಳ್ಳು ಯಾಕೆ ಹೇಳಲಿ, ವಾಪಸು ಹೋಗಿಬಿಡೋಣ ಅಂತ ಕಾಲು ತಿರುಗಿತ್ತು.

ಅಷ್ಟರಲ್ಲಿ ಒಳಗಿನಿಂದ ಟೀಚರ್ ನೋಡಿದರು. "ಅಮ್ಮಾ! ಬಂದ್ರಾ! ಬನ್ನಿ ಬನ್ನಿ, ಸೂಪು ನೀವೇ ಬಡಿಸಿ, ನನ್ನ ಕೈಲಿ ಎಲ್ಲಾ ಚೆಲ್ತಾ ಇದೆ" ಎಂದು ಒಂದೇ ಉಸಿರಿಗೆ ನನ್ನ ಕೊರಳಿಗೆ ಏಪ್ರನ್ ಹಾಕಿಬಿಟ್ಟರು. ಎಲ್ಲರ ಮುಖ ಅರಳಿತು. ನಿಜ ಹೇಳುತ್ತೇನೆ, ನನ್ನ ಕೈ ತಾನಾಗಿ ಹಿಂದಕ್ಕೆ ಹೋಗಿ ಲಾಡಿ ಹುಡುಕಿತು. ಒಂದು ಗಂಟು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಮತ್ತೆ ಅಮ್ಮನವರಾಗಿಬಿಡುತ್ತಿದ್ದೆ. ಎಷ್ಟು ಸುಖವಾಗಿತ್ತು ಗೊತ್ತಾ ಆ ಒಂದು ನಿಮಿಷ!

ಏಪ್ರನ್ ತೆಗೆದು ಟೀಚರ ಕೈಗೆ ವಾಪಸು ಕೊಟ್ಟೆ. "ಬೇಡ ಟೀಚರ್. ನಾನು ಊಟಕ್ಕೆ ಬಂದಿದ್ದೀನಿ. ಒಬ್ಬಳೇ ಕೂತು ತಿನ್ನೋದು ಇನ್ನು ನನ್ನ ಕೈಲಾಗಲ್ಲ" ಅಂದೆ. ಮೆಲ್ಲಗೇ ಅಂದೆ, ಆದರೆ ಹಾಲ್ ಪೂರ್ತಿ ಕೇಳಿಸಿತು. ನಾನು ಹೋಗಿ ಕೂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡೆ. ಯಾರೂ ಹತ್ತಿರ ಬರಲಿಲ್ಲ. ಅಯ್ಯೋ, ಇವರ ಮುಂದೆ ಮಾನ ಕಳೆದುಕೊಂಡೆನಲ್ಲ ಅನ್ನಿಸಿತು.

ಆಮೇಲೆ ಟೀಚರ್ ಬಂದರು. ಎರಡು ತಟ್ಟೆ ತಂದರು. ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ನಿನ್ನ ಕುರ್ಚಿಯ ಮುಂದಿಟ್ಟು, ತಾವು ಅಲ್ಲಿ ಕೂತರು. ಬ್ರೆಡ್ ಮುರಿದು ಸೂಪಿಗೆ ಅದ್ದಿದರು. ಆಮೇಲೆ ತಲೆಯೆತ್ತದೆ ಕೇಳಿದರು, "ನಮ್ಮ ಮೇಲೆ ಕೋಪ ಇಲ್ವಾ ಅಮ್ಮ?"

"ಯಾಕೆ ಕೋಪ? ಮರೆತುಬಿಟ್ರಿ, ಅಷ್ಟೇ ತಾನೆ."

"ಮರೆಯೋದಾ! ದಿನಾ ಸಂಜೆ ನಿಮ್ಮ ಕಿಟಕಿ ಕೆಳಗೇ ಹೋಗ್ತೀನಿ. ದೀಪ ಇದೆಯಾ ಅಂತ ನೋಡ್ಕೊಂಡೇ ಮನೆಗೆ ಹೋಗೋದು. ಒಂದು ವರ್ಷ ಯಾರೂ ನಿಮ್ಮನ್ನ ಮಾತಾಡಿಸಬಾರದು ಅಂತ ಬಿಷಪ್ ಹೇಳಿದಾರೆ ಅಂದ್ರಲ್ಲ."

ಯಾರು ಅಂದರು ಎಂದು ಕೇಳಿದೆ. ಒಬ್ಬರು ಇನ್ನೊಬ್ಬರನ್ನು ನೋಡಿದರು. ಯಾರೂ ಅಂದಿರಲಿಲ್ಲ, ಎಲ್ಲರೂ ಕೇಳಿದ್ದರು. ನಾನು ಚರ್ಚಿನ ಕಡೆ ತಲೆಹಾಕಬಾರದು ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗಿ, ಅವರು ನನ್ನ ಕಡೆ ತಲೆಹಾಕಬಾರದು ಎಂದಾಗಿತ್ತು. ನಾನು ಮರ್ಯಾದೆಗೆ ದೂರ ಇದ್ದೆ, ಅವರೂ ಮರ್ಯಾದೆಗೇ ದೂರ ಇದ್ದರು. ಇಷ್ಟು ತಿಂಗಳು! ನನಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡೆ. ಟೀಚರ್ ನನ್ನ ಕೈ ಹಿಡಿದುಕೊಂಡರು. ಊಟ ಮುಗಿಯುವವರೆಗೂ ಬಿಡಲಿಲ್ಲ, ಇಬ್ಬರೂ ಒಂದೊಂದೇ ಕೈಯಲ್ಲಿ ತಿಂದೆವು.

ಗಂಟೆಯ ತಾತ ಕೈ ಒರೆಸಿಕೊಂಡು ಬಂದು ಡ್ರೈವರ್ ಪಕ್ಕದಲ್ಲಿ ಕೂತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬಡಿಸಲು ಒಬ್ಬರೂ ಉಳಿಯಲಿಲ್ಲ, ಪಾತ್ರೆಯೇ ಮೇಜಿನಿಂದ ಮೇಜಿಗೆ ಹೋಯಿತು. ಖಜಾಂಚಿ ಬಾಗಿಲಲ್ಲಿ ನಿಂತು ತಲೆ ಎಣಿಸಲು ಬಂದಿದ್ದರು. ಆ ಮಾತಾಡದ ಟೈಲರ್ ಇದ್ದಾರಲ್ಲ, ಅವರು ಕುರ್ಚಿ ಎಳೆದು "ಕೂತ್ಕೊಳ್ರೀ, ನಿಂತು ನಿಂತು ಕಾಲು ಸೋತಿರತ್ತೆ" ಅಂದರು. ಕೂತರು ಕಣೇ! ಹೋಗುವಾಗ "ಮುಂದಿನ ವಾರಕ್ಕೆ ತಟ್ಟೆ ಸಾಲಲ್ಲ" ಎಂದು ಗೊಣಗಿದರು. ಅದೇ ಅವರ ತೀರ್ಮಾನವೆಂದು ತಿಳಿದುಕೊಂಡಿದ್ದೇನೆ.

ಇಷ್ಟೆಲ್ಲ ಆಗಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಮತ್ತೆ ಅದೇ ಸದ್ದಿಲ್ಲದ ಗೋಡೆ. ಒಂದು ಊಟಕ್ಕೆ ಹೋಗುವ ಕಾಯಿಲೆಯಲ್ಲ ಇದು, ನನಗೂ ಗೊತ್ತು, ನಿನಗೂ ಗೊತ್ತು. ನನ್ನವರಂತೂ ಇನ್ನು ಬರುವುದಿಲ್ಲ.

ಟೀಚರನ್ನು ಇವತ್ತು ರಾತ್ರಿ ಊಟಕ್ಕೆ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ, ಬ್ರೆಡ್ ಕತ್ತರಿಸುವುದಕ್ಕಲ್ಲ. ಕರೆದ ಮೇಲೆ ನೋಡಿದರೆ ನನ್ನ ಹತ್ತಿರ ತಟ್ಟೆ ಒಂದೇ. ಮನೆ ಬಿಡುವಾಗ ಇನ್ನು ಯಾರು ಬರುತ್ತಾರೆ ಎಂದು ಉಳಿದದ್ದನ್ನೆಲ್ಲ ಹಾಲ್‌ಗೆ ಕೊಟ್ಟಿದ್ದೆ. ಅಂಗಡಿ ಮುಚ್ಚುವುದರೊಳಗೆ ಹೋಗಿಬರಬೇಕು. ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ, ಹೋಗುವ ದಾರಿಯಲ್ಲಿ ನಿನ್ನ ಬಾಗಿಲ ಸಂದಿಯಿಂದ ತೂರಿಸುತ್ತೇನೆ. ಆಸ್ಪತ್ರೆಯಿಂದ ಎಷ್ಟು ಹೊತ್ತಿಗೆ ಬಂದರೂ ಸಿಂಕಿನ ಕಡೆ ಹೋಗಬೇಡ, ಸೀದಾ ಇಲ್ಲಿಗೆ ಬಾ.

ಎರಡು ತಟ್ಟೆ ಕೊಳ್ಳುತ್ತಿದ್ದೇನೆ.

ಅಮ್ಮ